ಹ್ಯಾಂಗರ್ ಬಿಟ್ಟ ಮೇಲೂ ಉಳಿಯಬೇಕಾದ ಬಳಗ: ವಿಮಾನ ಎಂಜಿನಿಯರಿಂಗ್‌ನ ಹಳೆಯ ಸಹೋದ್ಯೋಗಿಗಳಿಗೊಂದು ಮಾರ್ಗದರ್ಶಿ

ವಿಮಾನಗಳ ನಿರ್ವಹಣೆ ಮತ್ತು ದುರಸ್ತಿಯಲ್ಲಿ ದಶಕಗಟ್ಟಲೆ ದುಡಿದವರ ಕೆಲಸ ಕಾಗದದ ಮೇಲೆ ದಾಖಲಾಗಿಯೇ ಇರುತ್ತದೆ. ಯಾವ ದೋಷ ಕಾಣಿಸಿಕೊಂಡಿತು, ಯಾವ ಬಿಡಿಭಾಗ ಬದಲಾಯಿತು, ಯಾರು ಸಹಿ ಹಾಕಿ ವಿಮಾನವನ್ನು ಸೇವೆಗೆ ಬಿಟ್ಟರು ಎಂಬುದೆಲ್ಲ ಟೆಕ್ ಲಾಗ್ ಎಂಬ ವಿಮಾನದ ದಾಖಲೆ ಪುಸ್ತಕದಲ್ಲಿ ಸಿಗುತ್ತದೆ. ಆದರೆ ಆ ದೋಷದ ಮೂಲ ಸಿಗದೆ ಮೂರು ಪಾಳಿಯವರು ತಲೆ ಕೆಡಿಸಿಕೊಂಡದ್ದು, ಕೊನೆಗೆ ಒಬ್ಬ ಹಿರಿಯ ತಂತ್ರಜ್ಞರು ಕನೆಕ್ಟರ್ ಒಂದನ್ನು ಬೆರಳಿನಿಂದ ಅಲ್ಲಾಡಿಸಿ ಇಲ್ಲಿದೆ ನೋಡಿ ಎಂದದ್ದು ಯಾವ ಲಾಗ್‌ನಲ್ಲೂ ಇರುವುದಿಲ್ಲ. ಆ ಕಾಗದಪತ್ರಗಳಾದರೂ ಶಾಶ್ವತವಲ್ಲ. ವಿಮಾನ ಸೇವೆಯಿಂದ ಹೊರಬಿದ್ದ ಮೇಲೆ ಅವುಗಳನ್ನು ಸೀಮಿತ ಅವಧಿಯವರೆಗೆ ಇಟ್ಟುಕೊಂಡರೆ ಸಾಕೆಂಬುದು ನಿಯಮ. ಹಾಗಾಗಿ ಹಳೆಯ ಸಹೋದ್ಯೋಗಿಗಳು ಪರಸ್ಪರ ಸಂಪರ್ಕದಲ್ಲಿರುವುದು ಸ್ನೇಹದ ಮಾತಷ್ಟೇ ಅಲ್ಲ. ಒಂದು ತಲೆಮಾರಿನ ಕೈಕೆಲಸದ ಅರಿವು ಉಳಿಯುವುದು ಅವರ ಮಾತುಗಳಲ್ಲಿ, ಅದೂ ಆ ಮಾತುಗಳನ್ನು ಕ್ರಮವಾಗಿ ಸಂಗ್ರಹಿಸಿದಾಗ ಮಾತ್ರ. ಬಳಗವೊಂದನ್ನು ಕಟ್ಟಿ, ಉಳಿಸಿ, ಅದರ ನೆನಪುಗಳನ್ನು ನಂಬಬಹುದಾದ ರೂಪದಲ್ಲಿ ಕಾಪಾಡುವ ಬಗೆಯನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಬಳಗದ ವ್ಯಾಪ್ತಿಯನ್ನು ನಿರ್ಧರಿಸುವುದು

ಒಂದೇ ಹ್ಯಾಂಗರಿನವರೆಲ್ಲರೂ, ಒಂದೇ ವರ್ಷ ತರಬೇತಿಗೆ ಸೇರಿದವರು, ಅಥವಾ ಒಂದೇ ಮಾದರಿಯ ವಿಮಾನದ ಮೇಲೆ ಕೆಲಸ ಮಾಡಿದವರು ಎಂದು ಮೂರು ಬಗೆಯಲ್ಲಿ ಬಳಗ ಕಟ್ಟಬಹುದು. ನನ್ನ ಅಭಿಪ್ರಾಯದಲ್ಲಿ ಕೆಲಸದ ಸ್ಥಳ ಮತ್ತು ಕಾಲಾವಧಿಯನ್ನು ಆಧಾರವಾಗಿಟ್ಟುಕೊಳ್ಳುವುದೇ ಒಳ್ಳೆಯದು, ಏಕೆಂದರೆ ಒಂದೇ ಘಟನೆಯನ್ನು ಬೇರೆ ಬೇರೆ ಮೂಲೆಗಳಿಂದ ಕಂಡವರು ಹಾಗೆ ಮಾತ್ರ ಒಟ್ಟಿಗೆ ಸಿಗುತ್ತಾರೆ. ಪರವಾನಗಿ ಹೊಂದಿದ ಎಂಜಿನಿಯರುಗಳನ್ನು ಮಾತ್ರ ಸೇರಿಸಿ ಉಳಿದವರನ್ನು ಮರೆಯುವ ಅಭ್ಯಾಸ ಬಹಳ ಕಡೆ ಇದೆ; ಅದು ಬೇಡ. ಸ್ಟೋರ್ಸ್‌ನಲ್ಲಿ ಬಿಡಿಭಾಗ ಕೊಡುತ್ತಿದ್ದವರು, ಪ್ಲಾನಿಂಗ್ ವಿಭಾಗದವರು, ಶೀಟ್ ಮೆಟಲ್ ಶಾಪ್‌ನವರು, ಪೇಂಟ್ ಮಾಡುತ್ತಿದ್ದವರು, ಟೋಯಿಂಗ್ ಟ್ರ್ಯಾಕ್ಟರ್ ಓಡಿಸುತ್ತಿದ್ದವರು, ವಿಮಾನ ಶುಚಿಗೊಳಿಸುತ್ತಿದ್ದವರು ಎಲ್ಲರೂ ಆ ಕೆಲಸದ ಭಾಗವೇ ಆಗಿದ್ದರು. ಅರ್ಧರಾತ್ರಿಯಲ್ಲಿ ಯಾವ ಬೋಲ್ಟ್ ದಾಸ್ತಾನಿನಲ್ಲಿ ಇರಲಿಲ್ಲ ಎಂಬುದು ಎಂಜಿನಿಯರಿಗಿಂತ ಸ್ಟೋರ್ಸ್‌ನವರಿಗೇ ಚೆನ್ನಾಗಿ ನೆನಪಿರುತ್ತದೆ.

ಎರಡನೆಯದು: ಹೆಸರುಗಳ ಪಟ್ಟಿ

ನೆನಪಿನಿಂದಷ್ಟೇ ಪಟ್ಟಿ ಬರೆಯಲು ಕುಳಿತರೆ ನಮ್ಮ ಪಾಳಿಯವರ ಹೆಸರುಗಳೇ ಬರುತ್ತವೆ. ಪಾಳಿ ವ್ಯವಸ್ಥೆಯಲ್ಲಿ ದುಡಿದವರಿಗೆ ಪಕ್ಕದ ಪಾಳಿಯವರ ಪರಿಚಯ ಹಸ್ತಾಂತರದ ಅರ್ಧ ಗಂಟೆಯದ್ದಷ್ಟೇ. ಆದ್ದರಿಂದ ಹಳೆಯ ಡ್ಯೂಟಿ ರೋಸ್ಟರ್, ಟೈಪ್ ಕೋರ್ಸ್ (ಒಂದು ಮಾದರಿಯ ವಿಮಾನದ ತರಬೇತಿ) ಮುಗಿದಾಗ ತೆಗೆಸಿಕೊಂಡ ಗುಂಪು ಫೋಟೊ, ಬೀಳ್ಕೊಡುಗೆ ಕಾರ್ಡಿನ ಮೇಲಿನ ಸಹಿಗಳು, ಭವಿಷ್ಯ ನಿಧಿಯ ಕಾಗದಗಳು ಇವುಗಳನ್ನು ಮುಂದಿಟ್ಟುಕೊಂಡು ಪಟ್ಟಿ ಮಾಡಬೇಕು. ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರ ಪೂರ್ಣ ಹೆಸರು ಮರೆತುಹೋಗಿದ್ದರೂ ತಪಾಸಣೆಯ ಗುರುತಾಗಿ ಅವರು ಒತ್ತುತ್ತಿದ್ದ ಸ್ಟ್ಯಾಂಪಿನ ಸಂಖ್ಯೆ ಅನೇಕರಿಗೆ ಇಂದಿಗೂ ಬಾಯಿಪಾಠವಾಗಿರುತ್ತದೆ. ಪಟ್ಟಿಯಲ್ಲಿ ಆ ಸಂಖ್ಯೆಗೂ, ಶಾಪ್‌ನಲ್ಲಿ ಎಲ್ಲರೂ ಕರೆಯುತ್ತಿದ್ದ ಅಡ್ಡಹೆಸರಿಗೂ ಒಂದೊಂದು ಅಂಕಣ ಇರಲಿ.

ಒಬ್ಬರ ಫೋನ್ ಸಂಖ್ಯೆ ಅಥವಾ ವಿಳಾಸ ಮತ್ತೊಬ್ಬರಿಂದ ಸಿಕ್ಕಿತೆಂದ ಮಾತ್ರಕ್ಕೆ ಅದನ್ನು ಎಲ್ಲರಿಗೂ ಹಂಚಬಾರದು. ಮೊದಲು ಅವರನ್ನೇ ಕೇಳಬೇಕು. ಕೆಲಸ ಬಿಟ್ಟ ಸಂದರ್ಭ ಕಹಿಯಾಗಿದ್ದವರು, ಹಳೆಯದನ್ನು ಮತ್ತೆ ಕೆದಕಲು ಇಷ್ಟಪಡದವರು ಇರುತ್ತಾರೆ. ಅವರು ಬೇಡವೆಂದರೆ ಅಲ್ಲಿಗೆ ನಿಲ್ಲಿಸಿ, ಪಟ್ಟಿಯಲ್ಲಿ ಹಾಗೆಂದು ಗುರುತು ಹಾಕಿಕೊಳ್ಳಬೇಕು. ಇಲ್ಲವಾದರೆ ಮುಂದಿನ ವರ್ಷ ಬೇರೆ ಯಾರಾದರೂ ಮತ್ತೆ ಕರೆ ಮಾಡಿ ನೋಯಿಸುತ್ತಾರೆ.

ಮೂರನೆಯದು: ಮೊದಲ ಮಾತು

ಬಹಳ ವರ್ಷಗಳ ನಂತರ ಬರುವ "ಹೇಗಿದ್ದೀರಿ" ಎಂಬ ಒಂದು ಸಾಲಿನ ಸಂದೇಶಕ್ಕೆ ಉತ್ತರ ಬರೆಯುವುದು ಕಷ್ಟ. ಯಾರು, ಯಾವ ವಿಭಾಗ, ಯಾವ ಕಾಲ ಎಂಬುದನ್ನು ಮೊದಲೇ ಹೇಳಿ, ಉತ್ತರಿಸಲು ಸುಲಭವಾದ ಒಂದು ನಿರ್ದಿಷ್ಟ ಪ್ರಶ್ನೆಯನ್ನು ಕೇಳಿದರೆ ಮಾತು ತಾನಾಗಿ ಮುಂದುವರಿಯುತ್ತದೆ. ಉದಾಹರಣೆಗೆ ಹೀಗೆ ಬರೆಯಬಹುದು: "ನಮಸ್ಕಾರ ಸರ್. ಎಂಜಿನ್ ಶಾಪ್‌ನ ರಾತ್ರಿ ಪಾಳಿಯಲ್ಲಿ ನಿಮ್ಮ ಕೈಕೆಳಗೆ ಟ್ರೈನಿಯಾಗಿದ್ದವನು ನಾನು. ಬೋರೋಸ್ಕೋಪ್‌ನಲ್ಲಿ ಟರ್ಬೈನ್ ಬ್ಲೇಡ್ ನೋಡುವುದನ್ನು ನೀವೇ ನನಗೆ ಕಲಿಸಿದ್ದು. ಆಗ ನಮ್ಮ ಜೊತೆಗಿದ್ದ ಟೆಸ್ಟ್ ಸೆಲ್‌ನವರ ಹೆಸರು ತಮಗೆ ನೆನಪಿದೆಯೇ?" ಹಿರಿಯರಿಗೆ ಸಂದೇಶಕ್ಕಿಂತ ಫೋನ್ ಕರೆ ಲೇಸು, ಕರೆಗಿಂತ ಖುದ್ದು ಭೇಟಿ ಲೇಸು.

ನಾಲ್ಕನೆಯದು: ಸಂಪರ್ಕದ ವ್ಯವಸ್ಥೆ

ಒಂದು ವಾಟ್ಸಾಪ್ ಗುಂಪು ತೆರೆದುಬಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ಸಹಜ. ಆದರೆ ಶುಭಾಶಯದ ಚಿತ್ರಗಳು, ರಾಜಕೀಯದ ಫಾರ್ವರ್ಡ್‌ಗಳು ತುಂಬಿಕೊಂಡಾಗ ಒಳ್ಳೆಯ ನೆನಪೊಂದು ಅವುಗಳ ನಡುವೆ ಹೂತುಹೋಗುತ್ತದೆ, ಮೌನವಾಗಿ ಓದುತ್ತಿದ್ದವರು ಒಬ್ಬೊಬ್ಬರಾಗಿ ಹೊರಹೋಗುತ್ತಾರೆ. ಆದ್ದರಿಂದ ಎರಡು ಗುಂಪುಗಳಿರಲಿ. ಒಂದರಲ್ಲಿ ದಿನನಿತ್ಯದ ಮಾತುಕತೆ, ಮತ್ತೊಂದರಲ್ಲಿ ಕೆಲಸದ ನೆನಪುಗಳು, ಫೋಟೊಗಳು, ಸಾವು ನೋವಿನ ಸುದ್ದಿಗಳು ಮಾತ್ರ. ಎರಡನೆಯ ಗುಂಪಿಗೆ ಬಂದದ್ದನ್ನು ಯಾರಾದರೂ ಒಬ್ಬರು ತಿಂಗಳಿಗೊಮ್ಮೆ ಬೇರೆ ಕಡೆ ನಕಲು ಮಾಡಿಡಬೇಕು, ಏಕೆಂದರೆ ಫೋನ್ ಬದಲಾಯಿಸಿದಾಗ ಅಲ್ಲಿದ್ದದ್ದು ಕಳೆದುಹೋಗುವುದು ಸಾಮಾನ್ಯ.

ಈ ವೃತ್ತಿಯವರ ಬಳಗದಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿ ಕಿವಿಯದ್ದು. ಎಂಜಿನ್ ರನ್, ರಿವೆಟ್ ಗನ್, ರ‍್ಯಾಂಪ್ ಮೇಲಿನ ಎಪಿಯು (ನಿಂತ ವಿಮಾನಕ್ಕೆ ವಿದ್ಯುತ್ ಒದಗಿಸುವ ಪುಟ್ಟ ಎಂಜಿನ್) ಶಬ್ದದ ನಡುವೆ ವರ್ಷಗಟ್ಟಲೆ ನಿಂತವರಲ್ಲಿ ಅನೇಕರಿಗೆ ಶ್ರವಣಶಕ್ತಿ ಕುಂದಿರುತ್ತದೆ. ಶಬ್ದದಿಂದಾಗುವ ಹಾನಿ ಮೊದಲು ತಟ್ಟುವುದು ತಾರಸ್ಥಾಯಿಯ ಧ್ವನಿಗಳಿಗೆ, ಹಾಗಾಗಿ ಸ್ವರಗಳು ಕೇಳಿಸಿದರೂ ಸ, ಶ, ತ, ಫ ದಂತಹ ವ್ಯಂಜನಗಳು ಜಾರಿಹೋಗುತ್ತವೆ. ಅಂಥವರಿಗೆ ಹತ್ತಾರು ಜನ ಒಮ್ಮೆಲೇ ಮಾತನಾಡುವ ವಿಡಿಯೊ ಕರೆ ಹಿಂಸೆಯೇ ಸರಿ. ಅವರು ದೂರು ಹೇಳುವುದಿಲ್ಲ, ನಗುನಗುತ್ತಾ ಕುಳಿತಿದ್ದು ಮುಂದಿನ ಸಲ ಬರುವುದನ್ನೇ ಬಿಡುತ್ತಾರೆ. ಕರೆಯಲ್ಲಿ ಆರೇಳು ಜನರಿಗಿಂತ ಹೆಚ್ಚು ಬೇಡ. ಒಬ್ಬರು ಮಾತನಾಡುವಾಗ ಉಳಿದವರ ಮೈಕ್ ಮುಚ್ಚಿರಲಿ, ಮಾತನಾಡುವವರ ಮುಖದ ಮೇಲೆ ಬೆಳಕು ಬೀಳಲಿ, ಮುಖ್ಯ ವಿಷಯಗಳನ್ನು ನಂತರ ಬರೆದು ಕಳುಹಿಸಲಿ. ಬೇರೆ ಬೇರೆ ದೇಶಗಳಲ್ಲಿ ನೆಲೆಸಿದವರಿದ್ದರೆ ಕರೆಯ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ, ಪ್ರಕಟಿಸುವುದೇ ಸರಳ. ಟೆಕ್ ಲಾಗ್ ತುಂಬಿ ಅಭ್ಯಾಸವಿರುವ ಈ ಬಳಗಕ್ಕೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

ಐದನೆಯದು: ನೆನಪುಗಳನ್ನು ಹೊರತೆಗೆಯುವುದು ಮತ್ತು ಬರೆದಿಡುವುದು

ತಂತ್ರಜ್ಞರ ಬಾಯಿಮಾತು ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ಚಾರ್ಲ್ಸ್ ಟೇಲರ್ ಅವರಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ರೈಟ್ ಸಹೋದರರ 1903ರ ವಿಮಾನಕ್ಕೆ ಎಂಜಿನ್ ಕಟ್ಟಿದವರು ಅವರು. ಸುಮಾರು ಆರು ವಾರಗಳಲ್ಲಿ, ಒಂದು ಲೇತ್ ಮತ್ತು ಒಂದು ಡ್ರಿಲ್ ಪ್ರೆಸ್ ನೆಚ್ಚಿಕೊಂಡು ಮಾಡಿದ ಕೆಲಸ ಅದು. ಪದ್ಧತಿಯಂತೆ ಬಿಡಿಸಿದ ನಕಾಶೆಗಳು ಆಗ ಇರಲಿಲ್ಲ, ಬೇಕಾದ ಭಾಗದ ಚಿತ್ರವನ್ನು ಚೀಟಿಯ ಮೇಲೆ ಗೀಚಿ ಬೆಂಚಿನ ಎದುರು ಚುಚ್ಚಿಕೊಂಡು ಮಾಡಿದರು ಎಂಬ ಸಂಗತಿ ನಮಗೆ ತಿಳಿದಿರುವುದು, 1948ರಲ್ಲಿ ಒಂದು ನಿಯತಕಾಲಿಕಕ್ಕೆ ಅವರು ಹೇಳಿಕೊಂಡ ನೆನಪುಗಳಿಂದ. ಆಗ ಅವರಿಗೆ 80 ವರ್ಷ. ಯಾರೋ ಹೋಗಿ ಕೇಳಿದ್ದರಿಂದ ಅದು ಉಳಿಯಿತು. 1956ರಲ್ಲಿ ಅವರು ತೀರಿಕೊಂಡರು.

ಕೇಳುವುದರಲ್ಲೂ ಒಂದು ಕ್ರಮವಿದೆ. "ನಿಮ್ಮ ಅನುಭವ ಹೇಳಿ" ಎಂದರೆ ಎಂಥ ಮಾತುಗಾರರೂ ತಡವರಿಸುತ್ತಾರೆ. ವ್ಯಕ್ತಿಯಿಂದ ಆರಂಭಿಸದೆ ಕೆಲಸದಿಂದ ಆರಂಭಿಸಬೇಕು: ಮೊದಲ ಬಾರಿ ಸ್ವಂತ ಸಹಿ ಹಾಕಿ ಬಿಟ್ಟ ವಿಮಾನ ಯಾವುದು, ಅಂದು ರಾತ್ರಿ ನಿದ್ದೆ ಬಂದಿತೇ? ಕೈಗೆ ಎಂದೂ ಸಿಗದ ಬೋಲ್ಟ್ ಯಾವ ವಿಮಾನದ ಯಾವ ಮೂಲೆಯಲ್ಲಿತ್ತು, ಅದಕ್ಕಾಗಿ ಯಾವ ಸ್ಪ್ಯಾನರನ್ನು ಬಗ್ಗಿಸಿಕೊಂಡಿದ್ದಿರಿ? ಕೈಪಿಡಿಗಳು ಮೈಕ್ರೊಫಿಲ್ಮ್‌ನಲ್ಲಿದ್ದಾಗ ರೀಡರ್ ಯಂತ್ರದ ಮುಂದಿನ ಸರದಿ ಹೇಗಿರುತ್ತಿತ್ತು? ಸಂಜೆ ಎಣಿಸುವಾಗ ಟೂಲ್ ಬೋರ್ಡಿನಲ್ಲಿ ಒಂದು ಸಾಧನ ಕಾಣದೆ ಎಷ್ಟು ಹೊತ್ತು ವಿಮಾನವನ್ನೆಲ್ಲ ಹುಡುಕಿದಿರಿ? ಇಂಥ ಪ್ರಶ್ನೆಗೆ ಉತ್ತರಿಸುತ್ತಾ ಹೋದಂತೆ ಜೊತೆಗಿದ್ದವರು, ಮೇಲಧಿಕಾರಿಯ ಗದರಿಕೆ, ಫಾಸ್ಫೇಟ್ ಎಸ್ಟರ್ ಹೈಡ್ರಾಲಿಕ್ ದ್ರವ ಕಣ್ಣಿಗೆ ಸಿಡಿದಾಗಿನ ಉರಿ ಎಲ್ಲವೂ ಒಂದರ ಹಿಂದೊಂದು ಬರುತ್ತವೆ.

ಇನ್ನೂ ಹೆಚ್ಚು ಫಲ ಕೊಡುವುದು ಕೈಗೆ ವಸ್ತು ಕೊಡುವುದು. ಒಂದು ತುಂಡು ಲಾಕ್‌ವೈರ್ ಮತ್ತು ತಲೆಯಲ್ಲಿ ರಂಧ್ರವಿರುವ ಎರಡು ಬೋಲ್ಟ್‌ಗಳನ್ನು ಮುಂದಿಟ್ಟು ನೋಡಿ. ಬೋಲ್ಟ್ ಸಡಿಲವಾಗಲು ಹೊರಟರೆ ತಂತಿ ಅದನ್ನು ಬಿಗಿಯುವ ದಿಕ್ಕಿಗೇ ಎಳೆಯುವಂತೆ ಪೋಣಿಸುವುದು, ಎರಡು ಎಳೆಗಳನ್ನು ಒಂದೇ ಸಮನಾಗಿ ಹೊಸೆಯುವುದು, ಕೊನೆಯ ತುದಿಯನ್ನು ಕೈಗೆ ಚುಚ್ಚದಂತೆ ಒಳಕ್ಕೆ ಮಡಚುವುದು, ಇವೆಲ್ಲವನ್ನೂ ಬೆರಳುಗಳು ತಾವಾಗಿಯೇ ಮಾಡುತ್ತವೆ. ಮಾಡುತ್ತಾ ಮಾಡುತ್ತಾ ಬಾಯಿ ಅದನ್ನು ಕಲಿಸಿದವರ ಹೆಸರು ಹೇಳುತ್ತದೆ. ಆ ಹೊತ್ತಿನಲ್ಲಿ ಕ್ಯಾಮೆರಾ ಮುಖದ ಮೇಲಲ್ಲ, ಕೈಗಳ ಮೇಲಿರಲಿ. ಶೀಟ್ ಮೆಟಲ್‌ನವರಾದರೆ ಜೋಡಿಗಳನ್ನು ಒಟ್ಟಿಗೆ ಕೂರಿಸಬೇಕು. ಹೊರಗೆ ರಿವೆಟ್ ಗನ್ ಹಿಡಿದವರಿಗೂ ಒಳಗೆ ಬಕಿಂಗ್ ಬಾರ್ (ರಿವೆಟ್ಟಿನ ಹಿಂತುದಿಗೆ ಆನಿಸುವ ಲೋಹದ ತುಂಡು) ಒತ್ತಿ ಹಿಡಿದವರಿಗೂ ನಡುವೆ ಲೋಹದ ಗೋಡೆ, ಮಾತು ಕೇಳಿಸದು. ಒಂದು ಸಲ ತಟ್ಟಿದರೆ ಇನ್ನಷ್ಟು ಹೊಡೆಯಬೇಕು, ಎರಡು ಸಲ ತಟ್ಟಿದರೆ ಸರಿಯಾಗಿದೆ, ಮೂರು ಸಲ ತಟ್ಟಿದರೆ ಕೆಟ್ಟಿದೆ, ಕಿತ್ತು ಬೇರೆ ಹಾಕಬೇಕು ಎಂಬ ಸಂಕೇತ ವ್ಯಾಪಕವಾಗಿ ಬಳಕೆಯಲ್ಲಿತ್ತು. ನಿಮ್ಮ ಶಾಪ್‌ನಲ್ಲಿ ಸಂಕೇತ ಬೇರೆಯಿದ್ದರೆ ಅದನ್ನು ತಪ್ಪದೆ ಬರೆದಿಡಿ, ಏಕೆಂದರೆ ಅಂಥದ್ದನ್ನು ಯಾವ ಕೈಪಿಡಿಯೂ ದಾಖಲಿಸುವುದಿಲ್ಲ.

ಧ್ವನಿಮುದ್ರಣಕ್ಕೆ ಸಾಧಾರಣ ಫೋನ್ ಸಾಕು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಕರೆ ಬಂದು ಮುದ್ರಣ ತುಂಡಾಗದಂತೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಾತನಾಡುವವರಿಂದ ಒಂದು ಮೊಳದ ಅಂತರದಲ್ಲಿ ಇಡಬೇಕು. ಮೊದಲಿಗೆ ದಿನಾಂಕ, ಸ್ಥಳ, ಇಬ್ಬರ ಹೆಸರು ಮತ್ತು ಈ ಮುದ್ರಣವನ್ನು ಯಾರು ಕೇಳಬಹುದು ಎಂಬ ಬಗ್ಗೆ ಅವರ ಒಪ್ಪಿಗೆಯನ್ನು ಅವರದೇ ಬಾಯಿಂದ ಹೇಳಿಸಬೇಕು. ಮುಕ್ಕಾಲು ಗಂಟೆಗಿಂತ ಹೆಚ್ಚು ಎಳೆಯಬಾರದು. ಅವರು ನಡುವೆ ಮೌನವಾದಾಗ ನಾವು ಬಾಯಿ ಹಾಕದಿರುವುದು ಎಲ್ಲಕ್ಕಿಂತ ಕಷ್ಟದ ಕೆಲಸ, ಆದರೆ ಅತ್ಯಂತ ಒಳ್ಳೆಯ ಮಾತು ಬರುವುದು ಆ ಮೌನದ ನಂತರವೇ.

ಬರೆದಿಡುವಾಗ ನಮ್ಮ ವೃತ್ತಿಯೇ ಕಲಿಸಿದ ಶಿಸ್ತು ಇದೆ. ವಿಮಾನದ ಮಾದರಿ, ನೋಂದಣಿ ಸಂಖ್ಯೆ, ತಿಂಗಳು ಮತ್ತು ವರ್ಷ, ಪಾಳಿ, ದೋಷ, ಮಾಡಿದ ಕೆಲಸ, ಜೊತೆಗಿದ್ದವರು ಎಂಬ ವಿವರಗಳು ಪ್ರತಿ ನೆನಪಿನ ತಲೆಯ ಮೇಲಿರಲಿ. ಗೊತ್ತಿಲ್ಲದ್ದನ್ನು ಖಾಲಿ ಬಿಡಬೇಕೇ ಹೊರತು ಊಹಿಸಿ ತುಂಬಬಾರದು. ಹೇಳುವವರು ತಾವೇ ಕಂಡದ್ದು, ಬೇರೆಯವರಿಂದ ಕೇಳಿದ್ದು, ನಂತರ ಊಹಿಸಿದ್ದು ಈ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಇಬ್ಬರ ನೆನಪು ಹೊಂದದಿದ್ದರೆ ಎರಡನ್ನೂ ಇಡಿ. ಮಾತಿನ ಚೆಲುವಿಗಾಗಿ ಅವುಗಳನ್ನು ಬೆರೆಸಿ ಒಂದು ಕಥೆ ಮಾಡಿದರೆ ಎರಡೂ ಹಾಳಾಗುತ್ತವೆ.

ಆರನೆಯದು: ಫೋಟೊಗಳಿಗೆ ಗುರುತು ಹಚ್ಚುವುದು

ಹಿಂಬದಿಯಲ್ಲಿ ಏನೂ ಬರೆಯದ ಹಳೆಯ ಫೋಟೊಗಳೇ ಹೆಚ್ಚು. ಅದೃಷ್ಟಕ್ಕೆ ವಿಮಾನವಿರುವ ಫೋಟೊ ತನ್ನ ಕಾಲವನ್ನು ತಾನೇ ಹೇಳಿಬಿಡುತ್ತದೆ. ಹಿಂಭಾಗದ ದೇಹದ ಮೇಲೆ, ರೆಕ್ಕೆಯ ಕೆಳಗೆ, ಕೆಲವೊಮ್ಮೆ ಮೂಗಿನ ಚಕ್ರದ ಬಾಗಿಲಿನ ಮೇಲೆ ನೋಂದಣಿ ಅಕ್ಷರಗಳಿರುತ್ತವೆ. ಮಾಲೀಕರು ಬದಲಾದಾಗ ನೋಂದಣಿ ಬದಲಾಗಬಹುದು, ತಯಾರಕರ ಕ್ರಮಸಂಖ್ಯೆ ಬದಲಾಗುವುದಿಲ್ಲ. ಆದ್ದರಿಂದ ನೋಂದಣಿಯಿಂದ ಕ್ರಮಸಂಖ್ಯೆಯನ್ನು ಕಂಡುಹಿಡಿದು ಎರಡನ್ನೂ ಬರೆದಿಟ್ಟರೆ ವಿಮಾನದ ಇಡೀ ಜೀವನವನ್ನು ಹಿಂಬಾಲಿಸಬಹುದು. ಅಕ್ಷರಗಳು ಕಾಣದಿದ್ದರೆ ಆಕಾರವನ್ನು ನೋಡಬೇಕು. ಬೋಯಿಂಗ್ 737ರ ರೆಕ್ಕೆಗೆ ಅಂಟಿಕೊಂಡಂತೆ ಉದ್ದನೆಯ ತೆಳು ಎಂಜಿನ್ ಇದ್ದರೆ ಅದು ಜೆಟಿ8ಡಿ, ಅಂದರೆ 100 ಅಥವಾ 200 ಮಾದರಿ. ರೆಕ್ಕೆಯ ಮುಂದಕ್ಕೆ ಚಾಚಿ ತಳ ಚಪ್ಪಟೆಯಾದ ದಪ್ಪ ಎಂಜಿನ್ ಇದ್ದರೆ ಅದು ಸಿಎಫ್‌ಎಂ56, ಮತ್ತು ಆ ಫೋಟೊ 300 ಮಾದರಿ ಮೊದಲು ಹಾರಿದ 1984ಕ್ಕಿಂತ ಹಿಂದಿನದಾಗಿರಲಾರದು. ಬೋಯಿಂಗ್ 747ರ ರೆಕ್ಕೆಯ ತುದಿಯಲ್ಲಿ ಮೇಲಕ್ಕೆ ಬಾಗಿದ ವಿಂಗ್‌ಲೆಟ್ ಇದ್ದರೆ ಅದು 1988ರಲ್ಲಿ ಮೊದಲು ಹಾರಿದ 400 ಮಾದರಿಯದು. ಇಂಥ ಎರಡು ಮೂರು ಸುಳಿವುಗಳ ಜೊತೆಗೆ ಫೋಟೊದಲ್ಲಿ ಯಾರು ಇನ್ನೂ ಟ್ರೈನಿಯ ಮೇಲಂಗಿಯಲ್ಲಿದ್ದಾರೆ ಎಂಬುದು ಸೇರಿದರೆ ವರ್ಷ ಹತ್ತಿರಕ್ಕೆ ಬರುತ್ತದೆ.

ಮುದ್ರಿತ ಫೋಟೊಗಳನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡುವುದು ಒಳ್ಳೆಯದು. ಸ್ಲೈಡ್ ಮತ್ತು ನೆಗೆಟಿವ್‌ಗಳಿಗೆ ಅದಕ್ಕಿಂತ ಬಹಳ ಹೆಚ್ಚಿನ ರೆಸಲ್ಯೂಷನ್ ಬೇಕಾಗುವುದರಿಂದ ಅವುಗಳನ್ನು ಫಿಲ್ಮ್ ಸ್ಕ್ಯಾನರ್ ಇರುವವರಿಗೆ ಕೊಡುವುದು ಲೇಸು. ಕಡತದ ಹೆಸರಿನಲ್ಲೇ ವರ್ಷ, ನೋಂದಣಿ, ಸ್ಥಳ ಬರಲಿ. ಪ್ರತಿಯೊಂದರ ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳಲ್ಲಿ, ಅವುಗಳಲ್ಲೊಂದು ಬೇರೆ ಕಟ್ಟಡದಲ್ಲಿ ಇರಬೇಕು.

ಏಳನೆಯದು: ನೋವಿನ ನೆನಪುಗಳು

ಅಪಘಾತ, ಅವಘಡ, ಹ್ಯಾಂಗರಿನಲ್ಲಿ ಪ್ರಾಣ ಕಳೆದುಕೊಂಡ ಗೆಳೆಯ, ತಪ್ಪಾಗಿ ಹೋದ ಒಂದು ಸಹಿ: ಇವು ಮಾತಿಗೆ ಬಂದೇ ಬರುತ್ತವೆ, ಬರಬೇಕು ಕೂಡ. ಆದರೆ ಬಳಗ ನ್ಯಾಯಾಲಯವಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧವು ಅಪಘಾತ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತಗಳನ್ನು ತಡೆಯುವುದೇ ಹೊರತು ತಪ್ಪಿತಸ್ಥರನ್ನು ಗುರುತಿಸುವುದಲ್ಲ ಎನ್ನುತ್ತದೆ. ಹಳೆಯ ಸಹೋದ್ಯೋಗಿಗಳ ಮಾತುಕತೆಗೂ ಅದೇ ನಿಯಮವಾಗಿರಲಿ ಎಂಬುದು ನನ್ನ ಬಲವಾದ ನಂಬಿಕೆ.

1990ರ ಜೂನ್ 10ರಂದು ಬಿಎಸಿ ಒನ್-ಇಲೆವೆನ್ ವಿಮಾನವೊಂದರ ಕಾಕ್‌ಪಿಟ್ ಗಾಜು ಸುಮಾರು 17,300 ಅಡಿ ಎತ್ತರದಲ್ಲಿ ಹಾರಿಹೋಗಿ ಕ್ಯಾಪ್ಟನ್ ಅರ್ಧ ದೇಹ ಹೊರಗೆ ಸಿಲುಕಿದ ಪ್ರಕರಣವನ್ನು ನಿರ್ವಹಣಾ ತರಬೇತಿ ಪಡೆದವರು ಮರೆಯಲಾರರು. ಕ್ಯಾಪ್ಟನ್ ಬದುಕುಳಿದರು. ಹೊಸದಾಗಿ ಕೂರಿಸಿದ ಗಾಜಿನ 90 ಬೋಲ್ಟ್‌ಗಳಲ್ಲಿ 84 ಬೇಕಾದುದಕ್ಕಿಂತ ಕಡಿಮೆ ವ್ಯಾಸದವಾಗಿದ್ದವು. ಯಾರು ಹಾಕಿದರು ಎಂಬ ಪ್ರಶ್ನೆಗೆ ತನಿಖಾ ವರದಿ ನಿಂತುಬಿಡಲಿಲ್ಲ. ರಾತ್ರಿ ಪಾಳಿ, ಸಿಬ್ಬಂದಿಯ ಕೊರತೆ, ಮಂದ ಬೆಳಕಿನ ಬಿಡಿಭಾಗಗಳ ಕಪಾಟು, ತೆಗೆದ ಹಳೆಯ ಬೋಲ್ಟ್‌ಗಳೇ ಸರಿಯಾದ ನಮೂನೆಯವಲ್ಲದಿದ್ದದ್ದು, ಎಲ್ಲವನ್ನೂ ಅದು ಒಂದೊಂದಾಗಿ ಬಿಚ್ಚಿಟ್ಟಿತು. ನಿಮ್ಮ ನೆನಪಿನಲ್ಲಿರುವ ಘಟನೆಯನ್ನೂ ಹೀಗೆಯೇ ಬರೆಯಿರಿ. ಬೆಳಕು ಹೇಗಿತ್ತು, ಎಷ್ಟು ಜನ ಇದ್ದರು, ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದರು, ಯಾವ ಒತ್ತಡವಿತ್ತು ಎಂಬುದು ಬರಲಿ. ಬದುಕಿರುವವರ ಅಥವಾ ಗತಿಸಿದವರ ಹೆಸರಿಗೆ ಮಸಿ ಬಳಿಯುವ ಊಹೆ ಬರಬಾರದು. ಅಧಿಕೃತ ವರದಿ ಪ್ರಕಟವಾಗಿದ್ದರೆ ನೆನಪನ್ನು ಅದರೊಂದಿಗೆ ಹೋಲಿಸಿ ನೋಡಬೇಕು. ತನಿಖೆ ಅಥವಾ ಮೊಕದ್ದಮೆ ಇನ್ನೂ ನಡೆಯುತ್ತಿದ್ದರೆ ಆ ವಿಷಯವನ್ನು ಗುಂಪಿನಲ್ಲಿ ಚರ್ಚಿಸಲೇಬಾರದು.

ಹಂಚಬಾರದ ಇನ್ನೂ ಕೆಲವು ಸಂಗತಿಗಳಿವೆ. ಹಳೆಯ ಸಂಸ್ಥೆಯ ಆಂತರಿಕ ಕಾಗದಪತ್ರಗಳು, ತಯಾರಕರ ಕೈಪಿಡಿಯ ಪುಟಗಳು, ಭದ್ರತಾ ವಲಯದ ಒಳಗಿನ ಚಿತ್ರಗಳು, ಸೇನಾ ವಿಮಾನಗಳ ವಿವರಗಳು ನಮ್ಮ ಬಳಿ ಇದ್ದರೂ ನಮ್ಮವಲ್ಲ. ಇನ್ನೂ ಕೆಲಸದಲ್ಲಿರುವ ಕಿರಿಯರು ಬಳಗದಲ್ಲಿದ್ದರೆ ಅವರ ಬಾಯಿಂದ ಇಂದಿನ ವಿಷಯ ಹೊರಡಿಸಲು ಯತ್ನಿಸುವುದು ಅವರ ಉದ್ಯೋಗಕ್ಕೇ ಕುತ್ತು ತರಬಹುದು.

ಎಂಟನೆಯದು: ಕೂಡುವ ದಿನ ಮತ್ತು ಹೊಣೆ ಹೊರುವವರು

ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಲು ನಿಗದಿತ ದಿನವಿದ್ದರೆ ನೆನಪಿಡುವುದು ಸುಲಭ. ಟೇಲರ್ ಅವರ ಜನ್ಮದಿನವಾದ ಮೇ 24ನ್ನು ಹಲವೆಡೆ ವಿಮಾನ ನಿರ್ವಹಣಾ ತಂತ್ರಜ್ಞರ ದಿನವೆಂದು ಆಚರಿಸುತ್ತಾರೆ. ಡಿಸೆಂಬರ್ 7 ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ದಿನ. ಎರಡರಲ್ಲಿ ಯಾವುದಾದರೂ ಸರಿ. ಭಾಷಣಗಳಿಗಿಂತ ಉದ್ದನೆಯ ಮೇಜಿನ ಮೇಲೆ ಗುರುತು ಸಿಗದ ಫೋಟೊಗಳನ್ನು ಹರಡಿ, ಪೆನ್ಸಿಲ್ ಮತ್ತು ಚೀಟಿಗಳನ್ನು ಪಕ್ಕದಲ್ಲಿಟ್ಟರೆ ಆ ದಿನ ಸಾರ್ಥಕವಾಗುತ್ತದೆ.

ಎಲ್ಲ ಹೊಣೆಯನ್ನೂ ಒಬ್ಬರೇ ಹೊತ್ತರೆ ಅವರು ಹಾಸಿಗೆ ಹಿಡಿದ ದಿನ ಬಳಗವೂ ನಿಂತುಹೋಗುತ್ತದೆ. ಇಬ್ಬರಿರಲಿ, ಅವರಲ್ಲಿ ಒಬ್ಬರು ವಯಸ್ಸಿನಲ್ಲಿ ಸಾಕಷ್ಟು ಕಿರಿಯರಾಗಿರಲಿ. ಪಟ್ಟಿ ಎಲ್ಲಿದೆ, ಪಾಸ್‌ವರ್ಡ್ ಯಾರ ಬಳಿ ಇದೆ, ಯಾರನ್ನು ಇನ್ನೂ ಸಂದರ್ಶಿಸಬೇಕು, ಯಾರ ಆರೋಗ್ಯ ಸರಿಯಿಲ್ಲ ಎಂಬುದನ್ನೆಲ್ಲ ಪಾಳಿ ಬಿಟ್ಟುಕೊಡುವಾಗ ಬರೆಯುತ್ತಿದ್ದಂತೆಯೇ ಬರವಣಿಗೆಯಲ್ಲಿ ಹಸ್ತಾಂತರಿಸಬೇಕು. ಸಂದರ್ಶನದ ಸರದಿಯಲ್ಲಿ ಹುದ್ದೆಗೆ ಬೆಲೆಯಿಲ್ಲ, ಹಿರಿಯ ವಯಸ್ಸಿನವರು ಮೊದಲು. ಒಂಟಿಯಾಗಿ ಬದುಕುತ್ತಿರುವವರಿಗೆ ವಾರಕ್ಕೊಮ್ಮೆ ಕರೆ ಮಾಡುವ ಸರದಿಯನ್ನೂ ಇದೇ ರೋಸ್ಟರಿನಲ್ಲಿ ಸೇರಿಸಬಹುದು.

ಪ್ರತಿ ಸದಸ್ಯರ ಮನೆಯವರೊಬ್ಬರ ಫೋನ್ ಸಂಖ್ಯೆಯನ್ನು ಅವರ ಒಪ್ಪಿಗೆ ಪಡೆದು ಈಗಲೇ ಬರೆದಿಟ್ಟುಕೊಳ್ಳುವುದು ಅಗತ್ಯ. ಸದಸ್ಯರೊಬ್ಬರು ತೀರಿಕೊಂಡಾಗ ಲೈಸೆನ್ಸ್, ಅನುಭವದ ಲಾಗ್‌ಬುಕ್‌ಗಳು, ಹೆಸರು ಕೆತ್ತಿದ ಸಾಧನಗಳು, ಕೋರ್ಸ್ ನೋಟ್ಸ್ ಇವು ಏನೆಂದು ತಿಳಿಯದೆ ಮನೆಯವರು ರದ್ದಿಗೆ ಹಾಕಿಬಿಡುತ್ತಾರೆ. ಸೂತಕದ ದಿನಗಳು ಕಳೆಯುವವರೆಗೆ ಕಾದು, ಮನೆಯವರಿಗೆ ಪರಿಚಯವಿರುವ ಒಬ್ಬರೇ ಹೋಗಿ ಮಾತನಾಡಬೇಕು. ಲಾಗ್‌ಬುಕ್‌ನ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ ಮೂಲವನ್ನು ಮನೆಯವರಿಗೇ ಹಿಂದಿರುಗಿಸಬೇಕು. ಅವರು ಇಟ್ಟುಕೊಳ್ಳಲು ಬಯಸದಿದ್ದರೆ, ಪತ್ರ ಬರೆದು ಒಪ್ಪಿಗೆ ಪಡೆದ ಮೇಲೆ ವಿಮಾನ ಸಂಗ್ರಹಾಲಯಕ್ಕೋ ತಾಂತ್ರಿಕ ತರಬೇತಿ ಸಂಸ್ಥೆಗೋ ಕೊಡಬಹುದು. ಕೊಡುವಾಗ ಅದು ಯಾರದು, ಅವರು ಯಾವ ಶಾಪ್‌ನಲ್ಲಿ ಯಾವ ವರ್ಷಗಳಲ್ಲಿ ಕೆಲಸ ಮಾಡಿದರು ಎಂಬ ಒಂದು ಪುಟದ ಟಿಪ್ಪಣಿಯನ್ನು ಜೊತೆಗಿಟ್ಟು, ಅದರ ಪ್ರತಿಯೊಂದನ್ನು ಬಳಗದ ಕಡತದಲ್ಲಿ ಸೇರಿಸಬೇಕು.